ಅಲ್ಬರ್ರಾಸೀನ್: ಅರ್ಧ ದಿನಕ್ಕಲ್ಲ, ಎರಡು ರಾತ್ರಿಗೆ ಹೋಗಬೇಕಾದ ಊರು

ಸ್ಪೇನಿನ ಅತಿ ಚೆಂದದ ಊರುಗಳಲ್ಲಿ ಒಂದು ಎಂಬ ಹೆಸರು ಅಲ್ಬರ್ರಾಸೀನ್‌ಗೆ ಬಂದು ಬಹಳ ಕಾಲವಾಯಿತು. ಆ ಹೆಸರು ಕೇಳಿ ಬರುವ ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಜನರನ್ನು ಇಳಿಸುತ್ತವೆ, ಸಂಜೆ ಐದರೊಳಗೆ ಹತ್ತಿಸಿಕೊಂಡು ಹೊರಡುತ್ತವೆ. ಹಾಗೆ ಬಂದವರಿಗೆ ಸಿಗುವುದು ಒಂದು ಚೌಕ, ನಾಲ್ಕು ಓಣಿ, ದೂರದಿಂದ ಕಾಣುವ ಕೋಟೆಗೋಡೆ ಮತ್ತು ಊಟದ ಸರತಿ. ಊರಿನ ಸೊಗಸಿನಲ್ಲಿ ಅರ್ಧ ಪಾಲು ಗೋಡೆಯ ಹೊರಗಿದೆ: ಕೆಳಗಿನ ನದಿ ಕಣಿವೆಯಲ್ಲಿ, ಐದು ಕಿಲೋಮೀಟರ್ ಆಚೆಯ ಕೆಂಪು ಬಂಡೆಗಳ ಪೈನ್ ಕಾಡಿನಲ್ಲಿ. ಒಳಗಿನ ಅರ್ಧವನ್ನೂ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಅಥವಾ ಸಂಜೆ ಆರರ ನಂತರ ನೋಡಿದರೇ ಚೆನ್ನ. ಹೋಗುವುದಾದರೆ ಎರಡು ರಾತ್ರಿ ಉಳಿಯಿರಿ. ಅಷ್ಟು ಸಮಯ ಇಲ್ಲದಿದ್ದರೆ ತೆರುವೆಲ್ ನಗರವನ್ನೇ ನಿಧಾನವಾಗಿ ನೋಡುವುದು ಮೇಲು.

ಇದು ಅರಗಾನ್ ಪ್ರಾಂತದ ತೆರುವೆಲ್ ಜಿಲ್ಲೆಯ ಊರು. ಜನಸಂಖ್ಯೆ ಸಾವಿರದ ಆಸುಪಾಸು, ಸಮುದ್ರಮಟ್ಟದಿಂದ ಎತ್ತರ ಸುಮಾರು 1,170 ಮೀಟರ್. ಗ್ವಾದಲವಿಯಾರ್ ನದಿ ಲಾಳದ ಆಕಾರದಲ್ಲಿ ಬಳಸಿ ಹರಿಯುವ ಕಡಿದಾದ ಬಂಡೆಯ ಮೇಲೆ ಊರು ಕುಳಿತಿದೆ. ಮೂರು ಕಡೆ ನದಿಯ ಕಂದರ ಇದ್ದುದರಿಂದ ಕಾವಲು ಬೇಕಿದ್ದದ್ದು ಒಂದೇ ಕಡೆಗೆ, ದೊಡ್ಡ ಗೋಡೆ ಎದ್ದದ್ದೂ ಆ ಕಡೆಗೇ. 11ನೇ ಶತಮಾನದಲ್ಲಿ ಬನೂ ರಝೀನ್ ಎಂಬ, ಉತ್ತರ ಆಫ್ರಿಕಾ ಮೂಲದ ಬರ್ಬರ್ ಮನೆತನ ಇಲ್ಲಿಂದ ಪುಟ್ಟದೊಂದು ಮುಸ್ಲಿಂ ರಾಜ್ಯ ಆಳಿತು. ಆಮೇಲೆ ನವಾರಾದಿಂದ ಬಂದ ಅಸಾಗ್ರಾ ಮನೆತನ, ಅತ್ತ ಕಸ್ಟೀಲ್ ಇತ್ತ ಅರಗಾನ್ ಎರಡಕ್ಕೂ ತಲೆಬಾಗದೆ, ಇದನ್ನು ಸ್ವತಂತ್ರವಾಗಿ ಉಳಿಸಿಕೊಂಡಿತ್ತು. 1284ರಲ್ಲಿ ಅರಗಾನಿನ ದೊರೆ ಮೂರನೇ ಪೇದ್ರೊ ಮುತ್ತಿಗೆ ಹಾಕಿ ಗೆದ್ದ. 1961ರಲ್ಲಿ ಇಡೀ ಊರನ್ನೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಮೊದಲು ಮನೆಗಳನ್ನು ನೋಡಬೇಕು, ಸ್ಮಾರಕಗಳು ಆಮೇಲೆ. ಬಂಡೆಯ ಮೇಲೆ ಜಾಗ ಕಮ್ಮಿ, ಹಾಗಾಗಿ ತಳದಲ್ಲಿ ಕಿರಿದಾದ ಮನೆ ಮೇಲಕ್ಕೆ ಹೋದಂತೆ ಓಣಿಯ ಕಡೆಗೆ ಚಾಚಿಕೊಳ್ಳುತ್ತದೆ. ನೆಲಮಹಡಿ ಸುಣ್ಣದಲ್ಲಿ ಕಟ್ಟಿದ ಕಲ್ಲಿನದು. ಮೇಲಿನ ಮಹಡಿಗಳಿಗೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಸ್ಥಳೀಯ ಜಿಪ್ಸಮ್ಮಿನ ಗಾರೆ ತುಂಬುತ್ತಾರೆ. ಊರಿಗೆಲ್ಲ ಇರುವ ತೆಳುಗೆಂಪು ಬಣ್ಣ ಬಳಿದದ್ದಲ್ಲ, ಕಬ್ಬಿಣದ ಅಂಶವಿರುವ ಆ ಜಿಪ್ಸಮ್ಮಿನದೇ ಬಣ್ಣ. ಕಲ್ಲಿಗಿಂತ ಹಗುರವಾದ್ದರಿಂದಲೇ ಮಹಡಿಗಳು ಇಷ್ಟು ಮುಂದಕ್ಕೆ ಚಾಚಿಯೂ ನಿಂತಿವೆ. ಕೆಲವು ಓಣಿಗಳಲ್ಲಿ ಎದುರುಬದುರು ಮನೆಗಳ ಸೂರುಗಳು ಹೆಚ್ಚುಕಮ್ಮಿ ಮುಟ್ಟಿಕೊಳ್ಳುತ್ತವೆ. ಮೊಲಿನಾ ದ್ವಾರದ ಬಳಿಯ ಹುಲಿಯಾನೆತಾ ಮನೆಯ ಮುಂದೆ ಐದು ನಿಮಿಷ ನಿಂತು ನೋಡಿ: ಎರಡು ಓಣಿಗಳ ನಡುವೆ ಸಿಕ್ಕಿಕೊಂಡ ಆ ಮನೆಯಲ್ಲಿ ನೇರವಾದ ಗೆರೆ ಒಂದೂ ಇಲ್ಲ. ತೊಲೆಗಳು ಬಾಗಿವೆ, ಕಿಟಕಿಗಳು ಓರೆ, ಗೋಡೆ ಓಲಿದೆ. ಆದರೂ ಕಟ್ಟಡ ಗಟ್ಟಿ. ಅದನ್ನು ದುರಸ್ತಿ ಮಾಡಿದವರು ಸೊಟ್ಟವನ್ನು ತಿದ್ದಲು ಹೋಗದೆ, ಸೊಟ್ಟವಾಗಿಯೇ ಭದ್ರಪಡಿಸಿದರು.

ಇಲ್ಲಿ ಸಾಂತಾ ಮರಿಯಾ ದೆ ಅಲ್ಬರ್ರಾಸೀನ್ ಪ್ರತಿಷ್ಠಾನದ ಹೆಸರು ಹೇಳಲೇಬೇಕು. 1996ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಒಂದೊಂದೇ ಕಟ್ಟಡವನ್ನು ಕೈಗೆತ್ತಿಕೊಂಡು ದುರಸ್ತಿ ಮಾಡಿ, ಅದಕ್ಕೆ ಕೆಲಸವನ್ನೂ ಕೊಟ್ಟಿತು. ಹಳೆಯ ಬಿಷಪ್ ಅರಮನೆ ಸಭಾಭವನವಾಯಿತು, ಕೆಲವು ಮನೆಗಳು ಕಲಾವಿದರ, ಅತಿಥಿಗಳ ವಸತಿಯಾದವು. ಬೀಗ ಹಾಕಿ ಪ್ರದರ್ಶನಕ್ಕಿಟ್ಟ ಊರಿನಂತೆ ಇದು ಕಾಣದಿರುವುದಕ್ಕೆ ಇದೇ ಕಾರಣ. ಹಳೆಯ ಊರನ್ನು ಉಳಿಸಿಕೊಳ್ಳುವ ಬಗ್ಗೆ ಆಸಕ್ತಿ ಇರುವ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಈ ಕೆಲಸವನ್ನು ನೋಡಲೆಂದೇ ಇಲ್ಲಿಗೆ ಬಂದರೂ ಸಾರ್ಥಕ.

ಬಾಗಿಲುಗಳ ಮೇಲೂ ಕಣ್ಣಿರಲಿ. ಕಮ್ಮಾರರು ಮಾಡಿದ ಹಲ್ಲಿಯಾಕಾರದ ಬಾಗಿಲು ಬಡಿಕೆಗಳು ಈ ಊರಿನ ಗುರುತು. ತಲೆ ಕೆಳಗಾಗಿ, ಬಾಲ ಸುರುಳಿಯಾಗಿ, ಒಂದು ಇದ್ದಂತೆ ಇನ್ನೊಂದಿಲ್ಲ. ಇಡೀ ಊರು ಕೆಂಪಾಗಿರುವಾಗ ನವಾರ್ರೊ ದೆ ಅರ್ಸೂರಿಯಾಗಾ ಮನೆತನದ ಮನೆ ಮಾತ್ರ ನೀಲಿ. ಆಂದಲೂಸಿಯಾದಿಂದ ಬಂದ ಸೊಸೆಗೆ ತವರಿನ ನೆನಪಾಗಲೆಂದು ಬಳಿದದ್ದು ಎಂಬುದು ಊರವರ ಕತೆ.

ಸ್ಮಾರಕಗಳ ಒಳಗೆ ಹೋಗುವ ವಿಷಯದಲ್ಲಿ ಪ್ರವಾಸಿಗರು ತುಂಬ ಎಡವುತ್ತಾರೆ. ಕೋಟೆಯ ಒಳಗೆ ನಿಮ್ಮಷ್ಟಕ್ಕೆ ನೀವು ಹೋಗುವಂತಿಲ್ಲ. ನಿಗದಿತ ಹೊತ್ತಿಗೆ ಮಾರ್ಗದರ್ಶಕರ ಜೊತೆ ಗುಂಪಾಗಿಯೇ ಹೋಗಬೇಕು. ಸಾನ್ ಸಲ್ವಾದೋರ್ ಕ್ಯಾಥೆಡ್ರಲ್‌ಗೂ ಸಾಮಾನ್ಯವಾಗಿ ಪ್ರತಿಷ್ಠಾನದ ಟಿಕೆಟ್ ಬೇಕು. ಊರಿಗೆ ಬಂದ ಕೂಡಲೇ ಅವರ ಮಾಹಿತಿ ಕೇಂದ್ರಕ್ಕೆ ಹೋಗಿ ಆ ದಿನದ, ಮರುದಿನದ ಭೇಟಿಗಳ ಸಮಯ ಕೇಳಿ ಹೆಸರು ಬರೆಸಿ. ಮಧ್ಯಾಹ್ನ ಎರಡರಿಂದ ನಾಲ್ಕು, ನಾಲ್ಕೂವರೆವರೆಗೆ ಎಲ್ಲವೂ ಮುಚ್ಚಿರುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಭಾನುವಾರ ಸಂಜೆ, ಸೋಮವಾರಗಳನ್ನು ನಂಬಬೇಡಿ. ವಿವರಣೆ ಬಹುಪಾಲು ಸ್ಪ್ಯಾನಿಷ್‌ನಲ್ಲಿ. ಭಾಷೆ ಬಾರದವರು ಇಂಗ್ಲಿಷ್ ಭೇಟಿ ಇದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಇಲ್ಲವೆಂದರೂ ಹೋಗಿ, ಯಾಕೆಂದರೆ ಬೀಗ ತೆಗೆಯುವುದು ಆ ಮಾರ್ಗದರ್ಶಕರೊಬ್ಬರೇ.

ಆಯ್ಕೆ ಮಾಡಬೇಕಾದರೆ ಕೋಟೆಗಿಂತ ಧರ್ಮಪ್ರಾಂತ ವಸ್ತುಸಂಗ್ರಹಾಲಯಕ್ಕೆ ಮೊದಲ ಸ್ಥಾನ. ಕೋಟೆಯಲ್ಲಿ ಉಳಿದಿರುವುದು ಹೊರಗೋಡೆ, ಗೋಪುರಗಳು ಮತ್ತು ಉತ್ಖನನದಲ್ಲಿ ಸಿಕ್ಕ ತಳಪಾಯ. ಅಲ್ಲಿಂದ ಕಾಣುವ ನದಿಯ ತಿರುವು ಮಾತ್ರ ಅದ್ಭುತ. ಬಿಷಪ್ ಅರಮನೆಯಲ್ಲಿರುವ ಸಂಗ್ರಹಾಲಯ ಚಿಕ್ಕದು, ಆದರೆ 16ನೇ ಶತಮಾನದಲ್ಲಿ ಬ್ರಸೆಲ್ಸ್‌ನಲ್ಲಿ ನೇಯ್ದ, ಬೈಬಲಿನ ಗಿದಿಯೋನನ ಕತೆಯ ದೊಡ್ಡ ಗೋಡೆಗಂಬಳಿಗಳು ಅಲ್ಲಿವೆ. ಸ್ಫಟಿಕದಲ್ಲಿ ಕೊರೆದ ಮೀನಿನಾಕಾರದ ಪಾತ್ರೆಯೊಂದಿದೆ, ಅದನ್ನು ಹತ್ತಿರದಿಂದ ನೋಡದೆ ಹೊರಬರಬೇಡಿ.

ಗೋಡೆ ಹತ್ತಲು ಟಿಕೆಟ್ ಬೇಡ, ಸಮಯದ ಕಟ್ಟೂ ಇಲ್ಲ. ಮೊಲಿನಾ ದ್ವಾರದ ಕಡೆಯಿಂದ ಮೇಲಕ್ಕೆ ಹೋದರೆ ದಾರಿ ಸಿಗುತ್ತದೆ. ತುದಿಯ ಅಂದಾದೋರ್ ಗೋಪುರ 10ನೇ ಶತಮಾನದ್ದು. ಊರಿಗೂ ಮುಂಚೆ ಅದು ಒಂಟಿ ಕಾವಲು ಗೋಪುರವಾಗಿತ್ತು, ಗೋಡೆ ಅದನ್ನು ಮುಟ್ಟಿದ್ದು ಊರು ಬೆಳೆದ ಮೇಲೆ. ಹತ್ತಲು ಇಪ್ಪತ್ತು ನಿಮಿಷ ಸಾಕು, ಆದರೆ ದಾರಿ ಕಡಿದು, ಸಡಿಲ ಜಲ್ಲಿ, ಬಹುತೇಕ ಕಡೆ ಕೈಹಿಡಿ ಇಲ್ಲ. ಹತ್ತುವಾಗ ಸುಲಭ ಅನ್ನಿಸಿದ್ದು ಇಳಿಯುವಾಗ ಜಾರುತ್ತದೆ. ಚಪ್ಪಲಿಯಲ್ಲಿ ಹೋಗಬಾರದು, ಮಳೆ ಬಂದ ದಿನ ಹೋಗಲೇಬಾರದು, ಚಿಕ್ಕ ಮಕ್ಕಳ ಕೈ ಬಿಡಬಾರದು. ಫೋಟೊಗೆ ಬೆಳಗಿನ ಬಿಸಿಲಿಗಿಂತ ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಉತ್ತಮ, ಆಗ ಮನೆಗಳ ಕೆಂಪು ಮೇಲೇಳುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಅವರನ್ನು ಊರಿನ ಮುಖ್ಯ ಚೌಕ ಪ್ಲಾಸಾ ಮಯೋರ್‌ನಲ್ಲಿ ಕೂರಿಸಿ. ಅದರ ಪಕ್ಕದಲ್ಲೇ ಕಣಿವೆಯ ಕಡೆ ತೆರೆದ ನೋಟ ಇದೆ. ಒಳ್ಳೆಯ ನೋಟಕ್ಕೆ ಎಲ್ಲರೂ ಗೋಡೆ ಹತ್ತಲೇಬೇಕೆಂದಿಲ್ಲ. ಆದರೆ ಊರಿನ ಒಳಗೆಲ್ಲ ನೆಲ ಉರುಟು ಕಲ್ಲಿನದು, ಏರಿಳಿತ ತಪ್ಪಿದ್ದಲ್ಲ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಇಲ್ಲಿ ನಡೆಯುವುದಿಲ್ಲ.

ನದಿಯಂಚಿನ ನಡಿಗೆಯನ್ನು ಬಿಡುವವರೇ ಹೆಚ್ಚು, ಅದು ದೊಡ್ಡ ನಷ್ಟ. ಬಂಡೆಯ ಬುಡದಲ್ಲಿ ಗ್ವಾದಲವಿಯಾರ್ ಜೊತೆಗೇ ಸುತ್ತಿ ಬರುವ ಈ ಹಾದಿ ಎರಡು, ಎರಡೂವರೆ ಕಿಲೋಮೀಟರ್, ನಿಧಾನಕ್ಕೆ ಹೋದರೆ ಒಂದೂವರೆ ಗಂಟೆ. ಪಾಪ್ಲರ್ ಮರಗಳು, ಚಿಕ್ಕ ತೋಟಗಳು, ಕಾಲುಸೇತುವೆಗಳು, ನೀರಿನ ಮೇಲೆ ಬಂಡೆಗೆ ಜೋಡಿಸಿದ ಹಲಗೆ ದಾರಿ ಇವೆ. ಊರು ಎಂಥ ಜಾಗದಲ್ಲಿ ಕೂತಿದೆ ಎಂಬುದು ಮೇಲಿನ ಓಣಿಗಳಲ್ಲಿ ತಿಳಿಯುವುದೇ ಇಲ್ಲ, ಇಲ್ಲಿ ತಲೆಯೆತ್ತಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಊರು ಕಾದಿರುವಾಗ ಇಲ್ಲಿ ನೆರಳು. ಜೋರು ಮಳೆಯ ನಂತರ ಹಲಗೆ ದಾರಿ ಮುಚ್ಚುವುದುಂಟು. ಇದೇ ನೀರು ತೆರುವೆಲ್‌ನಲ್ಲಿ ಅಲ್ಫಾಂಬ್ರಾ ನದಿಯನ್ನು ಕೂಡಿಕೊಂಡು ತೂರಿಯಾ ಆಗಿ, ವಾಲೆನ್ಸಿಯಾದಲ್ಲಿ ಸಮುದ್ರ ಸೇರುತ್ತದೆ.

ಎರಡನೇ ದಿನ ಪೂರ್ತಿ ಪಿನಾರೆಸ್ ದೆ ರೊದೆನೊ ಎಂಬ ಪೈನ್ ಕಾಡಿಗೆ. ಸ್ಥಳೀಯರು ರೊದೆನೊ ಎನ್ನುವುದು ಇಲ್ಲಿನ ಕೆಂಪು ಮರಳುಗಲ್ಲಿಗೆ. 1995ರಿಂದ ಸಂರಕ್ಷಿತವಾಗಿರುವ ಈ ಕಾಡಿನ ವಿಸ್ತೀರ್ಣ ಸುಮಾರು 6,800 ಹೆಕ್ಟೇರ್. ಬೆಸಾಸ್ ಊರಿನ ದಾರಿಯಲ್ಲಿ ಐದು ಕಿಲೋಮೀಟರ್ ಹೋದರೆ ನವಾಸೊ ಬಳಿ ವಾಹನ ನಿಲುಗಡೆ ಸಿಗುತ್ತದೆ. ಊರಿನಿಂದ ನಡೆದೂ ಹೋಗಬಹುದು, ಹೋಗುವ ದಾರಿ ಏರು. ಗುರುತು ಹಾಕಿದ ಕಾಲುದಾರಿಗಳು ಇತಿಹಾಸಪೂರ್ವ ಚಿತ್ರಗಳಿರುವ ಒಂದು ಗುಹಾಶ್ರಯದಿಂದ ಇನ್ನೊಂದಕ್ಕೆ ಕರೆದೊಯ್ಯುತ್ತವೆ. ಮುಖ್ಯವಾದವುಗಳನ್ನು ನೋಡಿ ವಾಪಸು ಬರಲು ಮೂರು ಗಂಟೆ ಬೇಕು. ಕಾಡಿನೊಳಗೆ ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಬಂದು ಹೋಗುತ್ತದೆ. ತಲೆಗೆ ಒಂದೂವರೆ ಲೀಟರ್ ನೀರು, ಮೊದಲೇ ಇಳಿಸಿಕೊಂಡ ನಕ್ಷೆ ಜೊತೆಗಿರಲಿ. ಬಂಡೆಗಳು ಎಲ್ಲ ಕಡೆ ಒಂದೇ ತೆರ ಕಾಣುವುದರಿಂದ ದಾರಿ ತಪ್ಪುವುದು ಸುಲಭ.

ಇಲ್ಲಿನ ಶಿಲಾಚಿತ್ರಗಳು 1998ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ, ಐಬೀರಿಯಾದ ಮೆಡಿಟರೇನಿಯನ್ ಸೀಮೆಯ 700ಕ್ಕೂ ಹೆಚ್ಚು ತಾಣಗಳ ಭಾಗ. ಪ್ರಾದೊ ದೆಲ್ ನವಾಸೊ ಆಶ್ರಯದ ಚಿತ್ರಗಳು 1892ರಲ್ಲೇ ಬೆಳಕಿಗೆ ಬಂದವು. ಅಲ್ಲಿರುವುದು ಗೂಳಿಗಳು ಮತ್ತು ಬಿಲ್ಲು ಹಿಡಿದ ಮನುಷ್ಯರು. ಬೇರೆಡೆಯ ಇಂಥ ಚಿತ್ರಗಳು ಬಹುಪಾಲು ಕೆಂಪು, ಕಪ್ಪು. ಇಲ್ಲಿ ಬಂಡೆಯೇ ಕೆಂಪಾಗಿರುವುದರಿಂದ ಬರೆದವರು ಬಿಳಿ ಆರಿಸಿಕೊಂಡಿದ್ದಾರೆ. ದೊನ್ಯಾ ಕ್ಲೊತಿಲ್ದೆ, ಕೊಸಿನಿಯಾ ದೆಲ್ ಓಬಿಸ್ಪೊ ಇನ್ನೆರಡು ಮುಖ್ಯ ಆಶ್ರಯಗಳು. ನಿರೀಕ್ಷೆಯನ್ನು ಮಾತ್ರ ಹದದಲ್ಲಿಟ್ಟುಕೊಳ್ಳಿ. ಚಿತ್ರಗಳು ಒಂದೆರಡು ಗೇಣಿಗಿಂತ ದೊಡ್ಡವಲ್ಲ, ಮಾಸಿವೆ, ಕಬ್ಬಿಣದ ಜಾಲರಿಯ ಹಿಂದಿವೆ. ಬರಿಗಣ್ಣಿಗೆ ಮೊದಲ ನಿಮಿಷ ಏನೂ ಕಾಣುವುದಿಲ್ಲ. ಚಿಕ್ಕ ದುರ್ಬೀನು ಒಯ್ಯಿರಿ. ನೇರ ಬಿಸಿಲು ಬಂಡೆಯ ಮೇಲೆ ಬಿದ್ದಾಗ ಬಿಳಿ ಬಣ್ಣ ಅಳಿಸಿಹೋದಂತೆ ಕಾಣುತ್ತದೆ, ನೆರಳಾದಾಗ ಅಥವಾ ಮೋಡದ ದಿನ ಸ್ಪಷ್ಟ. ಪಕ್ಕದ ಫಲಕದ ರೇಖಾಚಿತ್ರವನ್ನು ನೋಡಿ, ಒಂದು ಗೂಳಿಯ ಕೊಂಬನ್ನು ಹುಡುಕಿ, ಅಲ್ಲಿಂದ ಬೆನ್ನಿನ ಗೆರೆ ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಿಂದೆ ಬಣ್ಣ ಎದ್ದು ಕಾಣಲೆಂದು ಇಂಥ ಚಿತ್ರಗಳ ಮೇಲೆ ನೀರು ಎರಚುವ ರೂಢಿ ಇತ್ತು. ಆ ನೀರು ಆರಿದಾಗ ಲವಣದ ಪೊರೆ ಕಟ್ಟಿ ಎಷ್ಟೋ ಚಿತ್ರಗಳು ಶಾಶ್ವತವಾಗಿ ಮಸುಕಾದವು. ಜಾಲರಿ ಹಾಕಿರುವುದು ಇಂಥ ಕೈಗಳನ್ನು ದೂರವಿಡುವುದಕ್ಕೇ.

ನಡೆಯುವಾಗ ಮರಗಳ ಕಾಂಡವನ್ನೂ ಗಮನಿಸಿ. ದಪ್ಪ ಪೈನ್ ಮರಗಳಲ್ಲಿ ಉದ್ದುದ್ದ ಸಿಪ್ಪೆ ತೆಗೆದ ಗಾಯದ ಗುರುತುಗಳಿವೆ. ಅವು ರಾಳ ತೆಗೆಯುತ್ತಿದ್ದವರ ಕೆಲಸ. ಹಿಂದೆ ಈ ಕಾಡು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟದ್ದು ಹೀಗೆ.

ಬಾದಾಮಿಯಲ್ಲಿ ಬಂಡೆ ಹತ್ತಿದವರಿಗೆ ರೊದೆನೊ ನೋಡಿದ ಕೂಡಲೇ ಕೈ ಚುರುಗುಟ್ಟುತ್ತದೆ. ಎರಡೂ ಕೆಂಪು ಮರಳುಗಲ್ಲೇ. ಆದರೆ ಅಲ್ಲಿ ಹಗ್ಗ ಹಾಕಿ ಹತ್ತುವ ಎತ್ತರದ ಗೋಡೆಗಳಿಗೆ ಹೆಸರು, ಇಲ್ಲಿ ಹಗ್ಗವಿಲ್ಲದೆ ಹತ್ತುವ ಗಿಡ್ಡ ಬಂಡೆಗಳಿಗೆ. ಯುರೋಪಿನ ಪ್ರಮುಖ ಬೋಲ್ಡರಿಂಗ್ ತಾಣಗಳಲ್ಲಿ ಅಲ್ಬರ್ರಾಸೀನ್ ಒಂದು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿನ ಗಿರಾಕಿಗಳಲ್ಲಿ ಗಣನೀಯ ಪಾಲು ಹೀಗೆ ಬಂಡೆ ಹತ್ತುವವರದೇ. ಚಳಿಯಲ್ಲಿ ಬೆರಳು ಬೆವರುವುದಿಲ್ಲ, ಹಿಡಿತ ಗಟ್ಟಿ. ಬೀಳುವಾಗ ಹಾಸುವ ದಪ್ಪ ಪ್ಯಾಡುಗಳು ಊರಿನಲ್ಲೇ ಬಾಡಿಗೆಗೆ ಸಿಗುತ್ತವೆ, ಹೊತ್ತು ತರಬೇಕಾಗಿಲ್ಲ. ಮುಖ್ಯ ನಿಯಮ ಒಂದು: ಮಳೆಯಾದ ಮೇಲೆ ಬಂಡೆ ಪೂರ್ತಿ ಒಣಗುವವರೆಗೆ ಮುಟ್ಟಬಾರದು. ನೀರು ಕುಡಿದ ಮರಳುಗಲ್ಲಿನ ಬಲ ಕುಗ್ಗುತ್ತದೆ. ಹಿಡಿದ ಚಾಚು ಮುರಿದು ಕೈಗೆ ಬಂದರೆ ನೀವು ಬೀಳುವುದಷ್ಟೇ ಅಲ್ಲ, ಮುಂದೆ ಬರುವವರಿಗೆ ಆ ದಾರಿಯೇ ಇಲ್ಲವಾಗುತ್ತದೆ. ಚಿತ್ರಗಳ ಸುತ್ತಮುತ್ತ ಹತ್ತುವುದು ನಿಷಿದ್ಧ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಕೆಲವು ಭಾಗಗಳಿಗೆ ನಿರ್ಬಂಧ ಇರುತ್ತದೆ, ಆ ವರ್ಷದ ನಕ್ಷೆಯನ್ನು ಪ್ಯಾಡ್ ಅಂಗಡಿಯಲ್ಲೇ ಕೇಳಿ.

ಹೋಗುವುದು ಹೇಗೆ ಎಂಬುದು ಈ ಪ್ರವಾಸದ ಕಷ್ಟದ ಭಾಗ. ಹತ್ತಿರದ ದೊಡ್ಡ ನಗರ ವಾಲೆನ್ಸಿಯಾ, ಕಾರಿನಲ್ಲಿ ಎರಡು ಗಂಟೆಯ ದಾರಿ. ಮ್ಯಾಡ್ರಿಡ್‌ನಿಂದ ಮೂರು ಗಂಟೆಗೆ ಕಮ್ಮಿ ಆಗದು. ಮ್ಯಾಡ್ರಿಡ್‌ನಿಂದ ತೆರುವೆಲ್‌ಗೆ ನೇರ ರೈಲೇ ಇಲ್ಲ. ‘ತೆರುವೆಲ್ ಕೂಡ ಇದೆ’ ಎಂದು ಈ ಜಿಲ್ಲೆಯ ಜನ ಚಳವಳಿ ಕಟ್ಟಿ, ಪಕ್ಷ ಮಾಡಿ, ಸಂಸತ್ತಿಗೂ ಹೋದದ್ದು ಇಂಥ ಕಡೆಗಣನೆಯ ವಿರುದ್ಧವೇ. ವಾಲೆನ್ಸಿಯಾ ಮತ್ತು ಸರಗೋಸಾದಿಂದ ತೆರುವೆಲ್‌ಗೆ ರೈಲು, ಬಸ್ಸು ಎರಡೂ ಇವೆ. ತೊಡಕು ಕೊನೆಯ 38 ಕಿಲೋಮೀಟರಿನದು. ತೆರುವೆಲ್‌ನಿಂದ ಅಲ್ಬರ್ರಾಸೀನ್‌ಗೆ ಬಸ್ಸು ದಿನಕ್ಕೆ ಒಂದೇ, ಅದೂ ಮಧ್ಯಾಹ್ನ. ವಾಪಸು ಬಸ್ಸು ಬೆಳಿಗ್ಗೆ, ಭಾನುವಾರ ಇಲ್ಲ. ಅಂದರೆ ಬಸ್ಸನ್ನು ನಂಬಿದರೆ ಒಂದೇ ದಿನದಲ್ಲಿ ಹೋಗಿ ಬರುವುದು ಆಗದ ಮಾತು. ಶನಿವಾರ ಹೋದವರು ಸೋಮವಾರದವರೆಗೆ ಅಲ್ಲೇ. ವೇಳೆ ಬದಲಾಗುತ್ತಿರುತ್ತದೆ, ತೆರುವೆಲ್ ಬಸ್ ನಿಲ್ದಾಣದಲ್ಲಿ ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ಗುಂಪಿನಲ್ಲಿದ್ದರೆ ಟ್ಯಾಕ್ಸಿ ಹಂಚಿಕೊಳ್ಳಬಹುದು, ವಾಪಸಿನ ಹೊತ್ತನ್ನೂ ಆಗಲೇ ಮಾತಾಡಿಕೊಂಡಿರಬೇಕು.

ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸನ್ನೂ ಒಯ್ಯಿರಿ. ಒಂದು ತೋರಿಸಿ ಇನ್ನೊಂದು ಇಲ್ಲವೆಂದರೆ ಕೌಂಟರಿನಲ್ಲೇ ತಕರಾರು. ಆಟೊಮ್ಯಾಟಿಕ್ ಬೇಕೆಂದರೆ ಮುಂಚಿತವಾಗಿ ಹೇಳಿ, ಅಲ್ಲಿ ಮ್ಯಾನುವಲ್ ಕಾರುಗಳೇ ಹೆಚ್ಚು, ಗೇರು ಬಲಗೈಗೆ ಬರುತ್ತದೆ. ತೆರುವೆಲ್‌ನಿಂದ ಎನ್-234 ಹಿಡಿದು ಎ-1512ಕ್ಕೆ ತಿರುಗಬೇಕು. ಹೆಯಾ ದೆ ಅಲ್ಬರ್ರಾಸೀನ್ ಊರು ದಾಟಿದ ಮೇಲೆ ದಾರಿ ಕಂದರದೊಳಗೆ ಇಳಿದು ಕಿರಿದಾಗುತ್ತದೆ. ಬಲಬದಿಯ ಚಾಲನೆ ರೂಢಿಯಿಲ್ಲದವರು ತಿರುವುಗಳಲ್ಲಿ ಅರಿವಿಲ್ಲದೆ ರಸ್ತೆಯಂಚಿಗೆ ಸರಿಯುತ್ತಾರೆ. ಕತ್ತಲಾದ ಮೇಲೆ ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ. ಚಳಿಗಾಲದಲ್ಲಿ ಬಿಸಿಲು ಬೀಳದ ತಿರುವುಗಳಲ್ಲಿ ಹಿಮ ಗಾಜಾಗಿರುತ್ತದೆ. ಹಗಲಲ್ಲೇ ತಲುಪಿ, ಪೆಟ್ರೋಲನ್ನು ತೆರುವೆಲ್‌ನಲ್ಲೇ ತುಂಬಿಸಿ. ಹಳೆಯ ಊರಿನೊಳಕ್ಕೆ ಹೊರಗಿನವರ ಕಾರು ಬಿಡುವುದಿಲ್ಲ, ಕೆಳಗೆ ರಸ್ತೆ ಬದಿಯ ನಿಲುಗಡೆಗಳೇ ಗತಿ. ಈಸ್ಟರ್ ವಾರ, ಆಗಸ್ಟ್, ಅಕ್ಟೋಬರ್ 12ರ ರಜೆಯಲ್ಲಿ ಹತ್ತೂವರೆಗೆಲ್ಲ ಅವು ತುಂಬಿರುತ್ತವೆ.

ತಂಗುವುದಕ್ಕೆ ಮೇಲೋ ಕೆಳಗೋ ಎಂಬುದನ್ನು ಯೋಚಿಸಿ ಆರಿಸಿ. ಮೇಲೆ, ಗೋಡೆಯೊಳಗಿನ ಹಳೆಯ ಮನೆಗಳಲ್ಲಿ ಉಳಿದರೆ ಸಂಜೆಯ ಊರು ನಿಮ್ಮದು. ಆದರೆ ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ಎಳೆಯಬೇಕು, ಎಷ್ಟೋ ಕಡೆ ಲಿಫ್ಟ್ ಇಲ್ಲ, ಬಾಗಿಲು ಗಿಡ್ಡ, ಮೇಲಿನವರು ನಡೆದರೆ ಹಲಗೆ ಸದ್ದು ಕೇಳುತ್ತದೆ. ಕೆಳಗಿನ ಅರ್ರಬಾಲ್ ಭಾಗದಲ್ಲಿ ಕಾರು ಹತ್ತಿರ, ಬೆಲೆ ತುಸು ಕಮ್ಮಿ, ನಡಿಗೆ ಹತ್ತು ಹದಿನೈದು ನಿಮಿಷ ಹೆಚ್ಚು. ಹಿರಿಯರಿದ್ದರೆ ಕೆಳಗೆ, ಇಲ್ಲವಾದರೆ ಕಣ್ಣುಮುಚ್ಚಿ ಮೇಲೆ. ಕಾಯ್ದಿರಿಸುವಾಗ ಎರಡು ಪ್ರಶ್ನೆ ಕೇಳಿ: ಹತ್ತಿರದ ನಿಲುಗಡೆಯಿಂದ ಎಷ್ಟು ಮೆಟ್ಟಿಲು, ಹೀಟರ್ ರಾತ್ರಿಯಿಡೀ ಇರುತ್ತದೆಯೇ. ಎರಡನೆಯದು ಮೇ ತಿಂಗಳಲ್ಲೂ ಕೇಳಬೇಕಾದ ಪ್ರಶ್ನೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ನೇರವಾಗಿ ಹೇಳಬೇಕು: ಇದು ಹಂದಿತೊಡೆ ಮತ್ತು ಕುರಿಮರಿ ಮಾಂಸದ ಸೀಮೆ. ತೆರುವೆಲ್‌ನ ಹಮೋನ್ ಸ್ಪೇನಿನಲ್ಲಿ ಮೊದಲು ಮೂಲನಾಮದ, ಅಂದರೆ ಹುಟ್ಟಿದ ಸೀಮೆಯ ಹೆಸರಿನ, ಮಾನ್ಯತೆ ಪಡೆದ ಹ್ಯಾಮ್, 1984ರಲ್ಲಿ. ಮಾಂಸ ತಿನ್ನುವವರಿಗೆ ಇಲ್ಲಿ ಹಬ್ಬ: ಒಲೆಯಲ್ಲಿ ಸುಟ್ಟ ತೆರ್ನಾಸ್ಕೊ (ಎಳೆ ಕುರಿಮರಿ), ಬ್ರೆಡ್ ಪುಡಿಯನ್ನು ಕೊಬ್ಬಿನಲ್ಲಿ ಹುರಿದ ಮಿಗಾಸ್, ವಾರದ ದಿನಗಳಲ್ಲಿ 15ರಿಂದ 20 ಯೂರೋ ಒಳಗೆ ಮೂರು ಬಡಿಸಾಟದ ಮಧ್ಯಾಹ್ನದೂಟ. ಸಸ್ಯಾಹಾರಿಗಳಿಗೆ ಎಡವಟ್ಟಾಗುವುದು ಪಟ್ಟಿಯಲ್ಲಿ ತರಕಾರಿ ಹೆಸರಿರುವ ತಿನಿಸುಗಳಲ್ಲೇ. ಮಿಶ್ರ ಸಲಾಡ್ ಮೇಲೆ ಟ್ಯೂನಾ ಮೀನಿರುತ್ತದೆ, ಬೇಳೆಯ ಸಾರಿನಲ್ಲಿ ಚೊರೀಸೊ ಎಂಬ ಹಂದಿಮಾಂಸದ ಸಾಸೇಜ್, ಬೆಳ್ಳುಳ್ಳಿ ಸೂಪಿನಲ್ಲಿ ಹ್ಯಾಮ್ ಚೂರು, ಕ್ರೊಕೆತಾ ಎಂಬ ಕರಿದ ತಿನಿಸಿನೊಳಗೂ ಹ್ಯಾಮ್. ಬರೀ ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಎಂದಷ್ಟೇ ಆಯಿತು, ಹ್ಯಾಮ್ ಮತ್ತು ಮೀನು ಆ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳುವವರಿದ್ದಾರೆ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್’ ಎಂದು ನಾಲ್ಕನ್ನೂ ಬಿಡಿಸಿ ಹೇಳಿ, ಸೂಪಾದರೆ ‘ಕಾಲ್ದೊ ದೆ ಕಾರ್ನೆ’ (ಮಾಂಸ ಬೇಯಿಸಿದ ರಸ) ಹಾಕಿದ್ದಾರೆಯೇ ಎಂದೂ ಕೇಳಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತಿಯಾ, ಅಂದರೆ ದಪ್ಪ ಆಮ್ಲೆಟ್, ಎಲ್ಲೆಡೆ ಸಿಗುತ್ತದೆ. ಟೊಮೆಟೊ ಸವರಿದ ಬ್ರೆಡ್, ಸುಟ್ಟ ಮೆಣಸಿನಕಾಯಿ, ಮಳೆಯಾದ ಶರತ್ಕಾಲದಲ್ಲಿ ಕಾಡಣಬೆಯ ಪಲ್ಯ ಒಳ್ಳೆಯವು. ಅಲ್ಬರ್ರಾಸೀನ್‌ನ ಕುರಿಹಾಲಿನ ಚೀಸ್ ಈ ಊರಿನಿಂದ ಕೊಳ್ಳಬೇಕಾದ ಒಂದೇ ವಸ್ತು ಎಂದರೆ ತಪ್ಪಲ್ಲ. ಕಟ್ಟುನಿಟ್ಟಿನವರು ಮಾತ್ರ ಚೀಸ್ ಹೆಪ್ಪಿಗೆ ಪ್ರಾಣಿಮೂಲದ ರೆನೆಟ್ ಬಳಸಿದ್ದಾರೆಯೇ ಎಂದು ವಿಚಾರಿಸಬೇಕು. ಅಲ್ಮೊಹಾಬನಾ ಎಂಬ ಸಿಹಿಯಲ್ಲಿ ಮೊಟ್ಟೆ ಇದೆ.

ಅಡುಗೆಮನೆ ತೆರೆಯುವುದು ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ, ರಾತ್ರಿ ಎಂಟೂವರೆಯ ನಂತರ. ನಡುವೆ ಹಸಿದರೆ ಬಾರಿನ ತಿಂಡಿಯೇ ಗತಿ. ಚಳಿಗಾಲದ ವಾರದ ದಿನಗಳಲ್ಲಿ ಹೋಟೆಲುಗಳು ಸರದಿಯ ಮೇಲೆ ಮುಚ್ಚುತ್ತವೆ. ಅಡುಗೆಗೆ ಜಾಗವಿರುವ ವಸತಿ ಹಿಡಿದು, ತೆರುವೆಲ್‌ನ ಸೂಪರ್ ಮಾರ್ಕೆಟ್‌ನಿಂದ ಅಕ್ಕಿ, ಬೇಳೆ, ತರಕಾರಿ, ಮೊಸರು ಕೊಂಡೊಯ್ದರೆ ಈ ತಾಪತ್ರಯವೇ ಇಲ್ಲ.

ಕಾಲದ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳಿಗೆ ಸಾಟಿಯಿಲ್ಲ. ಹಗಲು ಹಿತ, ನದಿಯಂಚಿನ ಪಾಪ್ಲರ್ ಹಳದಿಗೆ ತಿರುಗುತ್ತಿರುತ್ತದೆ, ಸುತ್ತಲಿನ ಬೆಟ್ಟಗಳಲ್ಲಿ ಗಂಡು ಜಿಂಕೆಗಳು ಬೆದೆಯ ಕೂಗು ಹಾಕುತ್ತವೆ. ಅಣಬೆ ಕೀಳಲು ಈ ಸೀಮೆಯಲ್ಲಿ ಪರವಾನಗಿ ಬೇಕು, ಸುಮ್ಮನೆ ಬುಟ್ಟಿ ಹಿಡಿದು ಕಾಡಿಗೆ ಹೋಗುವಂತಿಲ್ಲ. ಏಪ್ರಿಲ್ 30ರ ರಾತ್ರಿ ಇದ್ದರೆ ಮಾಯೊ ಹಾಡುಗಳನ್ನು ಕೇಳಬಹುದು: ಮೇ ತಿಂಗಳನ್ನು ಬರಮಾಡಿಕೊಳ್ಳಲು ಊರಿನವರು ಓಣಿಗಳಲ್ಲಿ ಹಾಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹಗಲು 30 ಡಿಗ್ರಿ ದಾಟಿದರೂ ರಾತ್ರಿ ಸ್ವೆಟರ್ ಬೇಕು. ಚಳಿಗಾಲವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದೇ ಜಿಲ್ಲೆಯ ಕಲಮೋಚಾದಲ್ಲಿ 1963ರ ಡಿಸೆಂಬರಿನಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಿತ್ತು.

ಮೂರನೇ ದಿನವೂ ಕೈಯಲ್ಲಿದ್ದು, ಕಾರೂ ಇದ್ದರೆ ಬೆಟ್ಟದ ಒಳಕ್ಕೆ ಹೋಗಿ. ಕಲೊಮಾರ್ದೆ ಬಳಿಯ ಜಲಪಾತ, ಅಲ್ಲೇ ಕಬ್ಬಿಣದ ಹಲಗೆದಾರಿ ಇರುವ ಬರ್ರಾಂಕೊ ದೆ ಲಾ ಹೋಸ್ ಕಂದರ ಅರ್ಧ ದಿನಕ್ಕೆ ಸಾಕು. ಮುಂದೆ ಫ್ರಿಯಾಸ್ ಸೀಮೆಯಲ್ಲಿ ತಾಹೊ ನದಿಯ ಮೂಲ ಇದೆ. ಐಬೀರಿಯಾದ ಅತಿ ಉದ್ದದ ನದಿ ಅಲ್ಲಿಂದ ಹೊರಟು ಲಿಸ್ಬನ್‌ನಲ್ಲಿ ಅಟ್ಲಾಂಟಿಕ್ ಸೇರುತ್ತದೆ. ಸ್ಥಳದಲ್ಲಿ ಮಾತ್ರ ದೊಡ್ಡ ಶಿಲ್ಪಗಳು, ಸ್ವಲ್ಪ ತೇವ, ಅಷ್ಟೇ. ಅದಕ್ಕಿಂತ ಗ್ವಾದಲವಿಯಾರ್ ಹಳ್ಳಿಯ ವಲಸೆ ಕುರಿಗಾಹಿಗಳ ವಸ್ತುಸಂಗ್ರಹಾಲಯ ಹೆಚ್ಚು ಕಲಿಸುತ್ತದೆ. ಚಳಿಗೆ ಮುಂಚೆ ದಕ್ಷಿಣಕ್ಕೆ, ಆಂದಲೂಸಿಯಾದ ಕಡೆಗೆ ಮಂದೆ ಹೊಡೆದುಕೊಂಡು ಹೋಗುವ ಕುಟುಂಬಗಳು ಈ ಬೆಟ್ಟಗಳಲ್ಲಿ ಇನ್ನೂ ಇವೆ.

ತೆರುವೆಲ್‌ಗೆ ಮರಳುವ ದಾರಿಯಲ್ಲಿ ಹೆಯಾ ಬಳಿ ಒಂದು ಗಂಟೆ ನಿಲ್ಲಿ. ಅಲ್ಬರ್ರಾಸೀನ್‌ನಿಂದ ಸೆಯಾ ಎಂಬ ಊರಿನವರೆಗೆ ರೋಮನರು 1ನೇ ಶತಮಾನದಲ್ಲಿ ಸುಮಾರು 25 ಕಿಲೋಮೀಟರ್ ನೀರಿನ ಕಾಲುವೆ ತೋಡಿದ್ದರು, ಬಹಳಷ್ಟನ್ನು ಬಂಡೆಯೊಳಗೇ ಕೊರೆದು. ಬರ್ರಾಂಕೊ ದೆ ಲೋಸ್ ಬುರ್ರೋಸ್ ಎಂಬಲ್ಲಿ ಅದರೊಳಗೆ ನಡೆದುಹೋಗಬಹುದು. ಬೆಳಕಿಗೂ ಮಣ್ಣು ಹೊರಹಾಕುವುದಕ್ಕೂ ಬದಿಯಲ್ಲಿ ಕೊರೆದ ಕಿಂಡಿಗಳು ಹಾಗೇ ಇವೆ, ಗೋಡೆಯ ಮೇಲೆ ಉಳಿ ಪೆಟ್ಟಿನ ಗೆರೆಗಳನ್ನು ಕೈಯಿಂದ ಸವರಿ ನೋಡಬಹುದು. ಟಾರ್ಚ್ ಬೇಕು, ಆರಡಿ ಎತ್ತರದವರು ತಲೆ ಬಗ್ಗಿಸಬೇಕು, ಮಳೆ ಮುನ್ಸೂಚನೆ ಇದ್ದ ದಿನ ಒಳಗೆ ಹೋಗಬಾರದು.